ಬಿರುಕು ಮುಚ್ಚದ ಟೀಪಾಯಿ

ಸೋಫಾದ ಮುಂದೆ ಇಡುವ ಗಿಡ್ಡ ಮೇಜಿಗೆ ನಾವು ಟೀಪಾಯಿ ಅನ್ನುತ್ತೇವೆ. ಅದರ ಮೇಲೆ ಟೀ ಇಡುವುದರಿಂದ ಆ ಹೆಸರು ಬಂದಿದೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ನಿಜಕ್ಕೂ ಅದಕ್ಕೂ ಟೀಗೂ ಸಂಬಂಧವಿಲ್ಲ. ಹಿಂದಿಯ ‘ತಿಪಾಯಿ’, ಅಂದರೆ ಮೂರು ಕಾಲಿನದು, ಇಂಗ್ಲಿಷರ ಬಾಯಲ್ಲಿ ‘ಟೀಪಾಯ್’ ಆಯಿತು. ಅಮೆರಿಕದವರು ಇಂಥದ್ದೇ ಗಿಡ್ಡ ಮೇಜನ್ನು ಕಾಫಿ ಟೇಬಲ್ ಎಂದು ಕರೆಯುತ್ತಾರೆ.

ನಾನು ಮೆಕ್ಯಾನಿಕಲ್ ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿರುವವನು. ಅಪ್ಪ ಶಿವಮೊಗ್ಗದಲ್ಲಿ ಬಡಗಿ. ಒಂದು ಸಂದರ್ಶನಕ್ಕೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಅಪ್ಪನ ಕೆಲಸಕ್ಕೆ ಡ್ರಾಯಿಂಗ್ ಹಾಕಿಕೊಡುತ್ತೇನೆ. ಕೆಲವು ತಿಂಗಳ ಹಿಂದೆ ಗಿರಾಕಿಯೊಬ್ಬರು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿ, ‘ಮಿಡ್ ಸೆಂಚುರಿ ಮಾಡರ್ನ್ ಅಂತಾರಲ್ಲ, ಅಂಥ ಟೀಪಾಯಿ ಬೇಕು’ ಎಂದರು. ಅಪ್ಪ ನನ್ನ ಮುಖ ನೋಡಿದರು. ಆ ಹೆಸರಿನ ಬೆನ್ನು ಹತ್ತಿದ್ದು ಆಗಿನಿಂದ.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಸುಮಾರು ಎರಡು ದಶಕಗಳಲ್ಲಿ ಅಮೆರಿಕ, ಡೆನ್ಮಾರ್ಕ್ ಮೊದಲಾದ ಕಡೆ ತಯಾರಾದ ಪೀಠೋಪಕರಣಗಳ ಶೈಲಿ ಇದು. ಹೆಸರು ಮನೆಮಾತಾದದ್ದು ಮಾತ್ರ ಬಹಳ ತಡವಾಗಿ, ಕಾರಾ ಗ್ರೀನ್‌ಬರ್ಗ್ 1984ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ ಮೇಲೆ. ಈ ಮೇಜುಗಳಲ್ಲಿ ಕೆತ್ತನೆ ಇಲ್ಲ, ಹೂಬಳ್ಳಿ ಇಲ್ಲ, ಸಿಂಹದ ಪಾದ ಇಲ್ಲ. ತೆಳುವಾದ ಹಲಗೆ, ಹೊರಕ್ಕೆ ಚಾಚಿದ ಸಣ್ಣ ಕಾಲು, ಮರದ ಬಣ್ಣ ಕಾಣುವಂತೆ ಉಜ್ಜಿದ ಎಣ್ಣೆ. ನೋಡಿದರೆ ಯಾರು ಬೇಕಾದರೂ ಮಾಡಬಹುದು ಅನಿಸುತ್ತದೆ.

ಡ್ರಾಯಿಂಗ್ ಹಾಕಲು ಕೂತಾಗ ಗೊತ್ತಾಯಿತು, ಅಲ್ಲಿ ಯಾವುದೂ ಸುಮ್ಮನೆ ಇಲ್ಲ. ಕಾಲು ಮೇಲೆ ದಪ್ಪ, ಕೆಳಗೆ ಸಪೂರ ಇರುವುದು ಚೆಂದಕ್ಕಷ್ಟೇ ಅಲ್ಲ. ಮೇಜನ್ನು ಯಾರಾದರೂ ಪಕ್ಕಕ್ಕೆ ತಳ್ಳಿದರೆ ಕಾಲನ್ನು ಬಗ್ಗಿಸುವ ಒತ್ತಡ ಹೆಚ್ಚು ಬೀಳುವುದು ಮೇಲಿನ ಕೂಡಿಕೆಯಲ್ಲಿ. ಮರ ಬೇಕಾದದ್ದು ಅಲ್ಲಿ. ನೆಲದ ಹತ್ತಿರ ಅಷ್ಟು ಬೇಡ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ನಾವು ಬೆಂಡಿಂಗ್ ಮೊಮೆಂಟ್ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಕಾಲು ಹೊರಕ್ಕೆ ಚಾಚಿದ್ದರಿಂದ ನೆಲದ ಮೇಲಿನ ಹಿಡಿತ ಅಗಲವಾಗುತ್ತದೆ, ಮೇಜು ಸುಲಭವಾಗಿ ಮಗುಚುವುದಿಲ್ಲ. ಹಲಗೆಯ ಕೆಳಗಿನ ಸ್ಕ್ರೂ ತೂತುಗಳನ್ನು ಉದ್ದುದ್ದ ಕೊರೆಯುವುದಕ್ಕೂ ಕಾರಣ ಇದೆ. ಮರ ಮಳೆಗಾಲದಲ್ಲಿ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ. ಅಲುಗಾಡಲು ಜಾಗ ಬಿಡದೆ ಬಿಗಿದರೆ ಹಲಗೆ ಸೀಳುತ್ತದೆ.

ಆ ಕಾಲದ ಮೇಜುಗಳಲ್ಲಿ ಮೂರು ನನ್ನನ್ನು ಹಿಡಿದು ನಿಲ್ಲಿಸಿದವು. ಮೂರರ ಹಿಂದೆಯೂ ಯುದ್ಧ ಇದೆ.

ಮೊದಲನೆಯದು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯದು. ಯುದ್ಧದ ದಿನಗಳಲ್ಲಿ ಅವರು ಅಮೆರಿಕದ ನೌಕಾಪಡೆಗೆ, ಗಾಯಾಳುಗಳ ಕಾಲಿಗೆ ಕಟ್ಟುವ ದಬ್ಬೆಯನ್ನು ಪ್ಲೈವುಡ್‌ನಿಂದ ಮಾಡಿಕೊಟ್ಟರು. ತೆಳು ಮರದ ಹಾಳೆಗಳಿಗೆ ಅಂಟು ಹಚ್ಚಿ, ಬಿಸಿ ಮಾಡಿ, ಅಚ್ಚಿನಲ್ಲಿ ಒತ್ತಿ ಕಾಲಿನ ಆಕಾರಕ್ಕೆ ಬಗ್ಗಿಸುವ ಕೆಲಸ ಅದು. ಯುದ್ಧ ಮುಗಿದ ಮೇಲೆ ಅದೇ ಅನುಭವದಿಂದ ಕುರ್ಚಿಗಳು ಬಂದವು, 1946ರಲ್ಲಿ ದುಂಡನೆಯ ಕಾಫಿ ಟೇಬಲ್ ಬಂತು.

ಎರಡನೆಯದು ಶಿಲ್ಪಿ ಇಸಾಮು ನೊಗುಚಿ ಅವರದು. ಒಂದೇ ಆಕಾರದ ಎರಡು ಮರದ ತುಂಡು, ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಸೇರಿಸಿದ್ದು. ಅದರ ಮೇಲೆ ದಪ್ಪ ಗಾಜು. ಅಷ್ಟೇ. 1947ರಲ್ಲಿ ಹರ್ಮನ್ ಮಿಲ್ಲರ್ ಕಂಪನಿ ಮಾರುಕಟ್ಟೆಗೆ ತಂದ ಈ ಮೇಜು ಈಗಲೂ ತಯಾರಾಗುತ್ತಿದೆ.

ನೊಗುಚಿ ಅವರ ತಂದೆ ಜಪಾನಿನವರು. 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಮೇಲೆ ಅಮೆರಿಕ ಸರ್ಕಾರ ತನ್ನ ನೆಲದಲ್ಲಿದ್ದ ಸುಮಾರು 1,20,000 ಜಪಾನಿ ಮೂಲದ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ನ್ಯೂಯಾರ್ಕ್‌ನಲ್ಲಿದ್ದ ನೊಗುಚಿ ಅವರನ್ನು ಯಾರೂ ಹಿಡಿದಿರಲಿಲ್ಲ. ಆದರೂ ಅಲ್ಲಿಯವರಿಗೆ ನೆರವಾಗಬೇಕೆಂದು ಅವರಾಗಿಯೇ ಅರಿಜೋನಾದ ಪೋಸ್ಟನ್ ಶಿಬಿರಕ್ಕೆ ಹೋದರು.

ಮೂರನೆಯವರಿಗೆ ಆ ಆಯ್ಕೆ ಇರಲಿಲ್ಲ. ಜಾರ್ಜ್ ನಾಕಶಿಮಾ 1905ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ ಹುಟ್ಟಿದವರು. ಎಂಐಟಿಯಿಂದ ಆರ್ಕಿಟೆಕ್ಚರ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಟೋಕಿಯೊದಲ್ಲಿ ಆಂಟೊನಿನ್ ರೇಮಂಡ್ ಅವರ ಕಚೇರಿ ಸೇರಿದರು. ಆ ಕಚೇರಿಯ ಪರವಾಗಿಯೇ 1937ರಲ್ಲಿ ಪುದುಚೇರಿಗೆ ಬಂದು, ಅರವಿಂದಾಶ್ರಮದ ಗೋಲ್ಕೊಂಡೆ ಎಂಬ ವಸತಿ ಕಟ್ಟಡದ ಕೆಲಸ ನೋಡಿಕೊಂಡರು. ಆಶ್ರಮದಲ್ಲಿ ಅವರಿಗೆ ಸುಂದರಾನಂದ ಎಂಬ ಹೆಸರೂ ಸಿಕ್ಕಿತು. ಅಮೆರಿಕಕ್ಕೆ ಮರಳಿದ ಮೇಲೆ 1942ರಲ್ಲಿ ಅವರನ್ನು ಹೆಂಡತಿ ಹಾಗೂ ಹಸುಗೂಸಿನ ಸಮೇತ ಐಡಾಹೊದ ಮಿನಿಡೋಕಾ ಶಿಬಿರಕ್ಕೆ ಸಾಗಿಸಲಾಯಿತು.

ಅಲ್ಲಿ ಅವರಿಗೆ ಜಪಾನಿನ ಸಾಂಪ್ರದಾಯಿಕ ಮರಗೆಲಸ ಬಲ್ಲ ಗೆಂಟಾರೊ ಹಿಕೊಗಾವಾ ಎಂಬ ಬಡಗಿ ಸಿಕ್ಕರು. ಎಂಐಟಿಯಲ್ಲಿ ಓದಿದ ವಾಸ್ತುಶಿಲ್ಪಿ ಅವರ ಕೈಕೆಳಗೆ ನಿಂತು ಉಳಿ ಹಿಡಿಯುವುದನ್ನು, ಗರಗಸ ಎಳೆಯುವುದನ್ನು ಕಲಿತರು. ಮರ ಎಂದರೆ ಶಿಬಿರ ಕಟ್ಟಿ ಮಿಕ್ಕಿದ ಚೂರುಪಾರು. ಶಿಬಿರದಿಂದ ಅವರಿಗೆ ಒಳ್ಳೆಯದೇ ಆಯಿತು ಎಂದು ಇದರ ಅರ್ಥವಲ್ಲ. ಅದು ಅನ್ಯಾಯವೇ. ಆ ಅನ್ಯಾಯದ ನಡುವೆಯೂ ಅವರು ಒಬ್ಬ ಬಡಗಿಯನ್ನು ಗುರು ಎಂದು ಒಪ್ಪಿಕೊಂಡರು ಎಂಬುದು ನನಗೆ ದೊಡ್ಡದಾಗಿ ಕಂಡಿತು.

1943ರಲ್ಲಿ ರೇಮಂಡ್ ಅವರ ನೆರವಿನಿಂದ ಬಿಡುಗಡೆಯಾಗಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ಗೆ ಬಂದ ನಾಕಶಿಮಾ, ಅಲ್ಲೇ ಕಾರ್ಯಾಗಾರ ಕಟ್ಟಿ 1990ರಲ್ಲಿ ತೀರಿಕೊಳ್ಳುವವರೆಗೂ ಮರಗೆಲಸವನ್ನೇ ಮಾಡಿದರು. ಬೇರೆಯವರು ಬೇಡವೆನ್ನುವ ದಿಮ್ಮಿಗಳನ್ನೂ ಅವರು ಬಿಡುತ್ತಿರಲಿಲ್ಲ. ಹಲಗೆಯ ಅಂಚನ್ನು ನೇರ ಮಾಡದೆ ಮರ ಬೆಳೆದ ಹಾಗೇ ಉಳಿಸುತ್ತಿದ್ದರು. ಬಿರುಕು ಇದ್ದರೆ ಮುಚ್ಚುತ್ತಿರಲಿಲ್ಲ. ಅದು ಮುಂದೆ ಹರಿಯದಂತೆ ಅಡ್ಡಲಾಗಿ ಡಮರುಗದ ಆಕಾರದ ಮರದ ತುಂಡೊಂದನ್ನು ಕೂರಿಸುತ್ತಿದ್ದರು. ಅಲ್ಲಿ ಅದನ್ನು ಚಿಟ್ಟೆಯ ಹೆಸರಿನಿಂದ ಕರೆಯುತ್ತಾರೆ. ತುಂಡಿನ ನಾರು ಬಿರುಕಿಗೆ ಅಡ್ಡ ಇರುತ್ತದೆ, ಎರಡೂ ತುದಿ ಅಗಲ ಇರುತ್ತವೆ. ಹಾಗಾಗಿ ಬಿರುಕು ಬಾಯಿ ಬಿಡಲು ಹೋದರೆ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅವರ ಹಲವು ಮೇಜುಗಳಲ್ಲಿ ಈ ತುಂಡು ಬೀಟೆ ಮರದ್ದು. ಕಂದು ವಾಲ್‌ನಟ್ ಹಲಗೆಯ ಮೇಲೆ ಎದ್ದು ಕಾಣುತ್ತದೆ.

ಈ ಫೋಟೊವನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. ‘ಇದು ನಾವೂ ಹಾಕ್ತಿದ್ವಲ್ಲೋ. ಬಾಗಿಲ ಹಲಗೆ ಸೀಳಿದ್ರೆ ನಿನ್ನಜ್ಜ ಹಿಂಗೇ ಕೂರಿಸ್ತಿದ್ದ. ಆದ್ರೆ ಹಿಂದ್ಗಡೆ, ಯಾರಿಗೂ ಕಾಣದಂಗೆ’ ಎಂದರು. ಈಗಿನ ಗಿರಾಕಿ ಬಿರುಕಿನ ಹಲಗೆ ನೋಡಿದರೆ ದುಡ್ಡು ಕೊಡುವುದಿಲ್ಲ. ಮರದ ಪುಡಿಗೆ ಅಂಟು ಕಲಸಿ ತುಂಬಿ, ಪಾಲಿಶ್ ಹೊಡೆದು ಮರೆಸಬೇಕು. ಹೆಚ್ಚಿನ ಕೆಲಸವಂತೂ ಈಗ ಪ್ಲೈವುಡ್‌ಗೆ ಸನ್‌ಮೈಕಾ ಅಂಟಿಸುವುದೇ.

ನಾಕಶಿಮಾ ಕಥೆ ಹೇಳಿ, ನಾನೂ ಈ ಕೆಲಸ ಪೂರ್ತಿ ಕಲಿಯಲೇ ಎಂದು ಕೇಳಿದೆ. ಅಪ್ಪ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: ‘ಅವನ ಮೇಜು ಹರಾಜಿಗೆ ಹೋಗುತ್ತೆ, ನಂದು ಚೌಕಾಸಿಗೆ ಹೋಗುತ್ತೆ. ಉಳಿ ಹಿಡಿಯೋದಾದ್ರೆ ನಿನ್ನ ಓದಿಸಿದ್ದು ಯಾಕೆ?’

ಈ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಮೂವತ್ತು ವರ್ಷ ದುಡಿದ ಅಪ್ಪನಿಗೆ ಪಿ.ಎಫ್. ಇಲ್ಲ, ರಜೆ ಇಲ್ಲ, ಬೆನ್ನುನೋವು ಇದೆ. ಹರಾಜಿನಲ್ಲಿ ಸಾವಿರಾರು ಡಾಲರ್ ಬಾಳುವ ಹಳೆಯ ಮೇಜಿನ ಕಥೆ ಹೇಳಿ ‘ಕೈಕೆಲಸ ಶ್ರೇಷ್ಠ’ ಎಂದು ಭಾಷಣ ಮಾಡುವುದು ಸುಲಭ. ಅಪ್ಪನ ಕೂಲಿ ಅದರಿಂದ ಹೆಚ್ಚುವುದಿಲ್ಲ. ಆದರೆ ಅಪ್ಪನ ಪ್ರಶ್ನೆಯಲ್ಲಿ ಓದು ಬೇರೆ, ಉಳಿ ಬೇರೆ ಎಂಬ ಗೋಡೆ ಇದೆ. ಆ ಮೂರು ಮೇಜುಗಳಲ್ಲಿ ಆ ಗೋಡೆ ಕಾಣುವುದಿಲ್ಲ. ಅಂಟು ಮತ್ತು ಒತ್ತಡದ ಲೆಕ್ಕ ಗೊತ್ತಿಲ್ಲದೆ ಈಮ್ಸ್ ಮೇಜು ಹುಟ್ಟುತ್ತಿರಲಿಲ್ಲ. ಬಡಗಿಯ ಪಾಠ ಇಲ್ಲದೆ ನಾಕಶಿಮಾ ಮೇಜೂ ಹುಟ್ಟುತ್ತಿರಲಿಲ್ಲ.

ನಮ್ಮ ದೇಶದಲ್ಲೂ ಆ ಗೋಡೆ ಒಡೆಯುವ ಪ್ರಯತ್ನ ನಡೆದಿದೆ. ಭಾರತ ಸರ್ಕಾರದ ಕೋರಿಕೆಯಂತೆ ಬಂದ ಈಮ್ಸ್ ದಂಪತಿ 1958ರಲ್ಲಿ ಒಂದು ವರದಿ ಕೊಟ್ಟರು. ದೇಶದಲ್ಲಿ ಕಂಡ ವಸ್ತುಗಳಲ್ಲಿ ಅವರು ಬಹಳವಾಗಿ ಮೆಚ್ಚಿಕೊಂಡು ಬರೆದದ್ದು ನಮ್ಮ ತಂಬಿಗೆಯ ಬಗ್ಗೆ! ಆ ವರದಿಯ ಬೆನ್ನಲ್ಲೇ 1961ರಲ್ಲಿ ಅಹಮದಾಬಾದ್‌ನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಶುರುವಾಯಿತು. 1964ರಲ್ಲಿ ನಾಕಶಿಮಾ ಕೂಡ ಅಲ್ಲಿಗೆ ಬಂದರು. ಅವರ ವಿನ್ಯಾಸದ ಪೀಠೋಪಕರಣಗಳು ಅಲ್ಲಿನ ಕಾರ್ಯಾಗಾರದಲ್ಲಿ ತಯಾರಾದವು.

ಅಲ್ಲಿ ಈಗ ಪೀಠೋಪಕರಣ ವಿನ್ಯಾಸದಲ್ಲಿ ಎಂ.ಡೆಸ್. ಮಾಡಬಹುದು. ಎಂಜಿನಿಯರಿಂಗ್ ಓದಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಯಂತ್ರಗಳ ಮೇಲೆ ಮರಗೆಲಸದ ತರಬೇತಿಯೂ ಸಿಗುತ್ತದೆ. ಕ್ಯಾಂಪಸ್ ಆಯ್ಕೆಯ ಗಡಿಬಿಡಿಯಲ್ಲಿ ನನ್ನ ಕಾಲೇಜಿನಲ್ಲಿ ಇವುಗಳ ಹೆಸರು ಯಾರೂ ಎತ್ತಿರಲಿಲ್ಲ. ನಿಮ್ಮ ಕಾಲೇಜಿನಲ್ಲೂ ಎತ್ತಿರದಿದ್ದರೆ ಇಲ್ಲಿ ಓದಿದಿರೆಂದು ಇಟ್ಟುಕೊಳ್ಳಿ.

ನಾನು ಸಂದರ್ಶನಗಳಿಗೆ ಹೋಗುವುದನ್ನು ನಿಲ್ಲಿಸಿಲ್ಲ, ಮನೆಗೆ ಸಂಬಳ ಬೇಕು. ಜೊತೆಗೆ ಆ ಪ್ರವೇಶ ಪರೀಕ್ಷೆಗೂ ಓದುತ್ತಿದ್ದೇನೆ. ಬೆಳಿಗ್ಗೆ ಎರಡು ಗಂಟೆ ಅಪ್ಪನ ಹತ್ತಿರ ಕೂಡಿಕೆ ಕೂರಿಸುವುದು ಕಲಿಯುತ್ತೇನೆ. ಇನ್ನೂ ಒಪ್ಪದ ಅಪ್ಪ, ನನ್ನ ಉಳಿಯನ್ನು ಮಾತ್ರ ದಿನಾ ತಾವೇ ಸಾಣೆ ಹಿಡಿದು ಇಟ್ಟಿರುತ್ತಾರೆ.