ಏಜೆಂಟ್ ಕಟ್ಟುವ ಮುನ್ನ: ಫ್ರೇಮ್‌ವರ್ಕ್‌ಗಳ ಬಗ್ಗೆ ಹಬ್ಬಿರುವ ತಪ್ಪು ಕಲ್ಪನೆಗಳು

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಿ ರಾಗಿ ಹೊಲ, ನೀಲಗಿರಿ ತೋಪುಗಳ ನಡುವೆ ಬಡಾವಣೆಗಳು ಎದ್ದಿವೆ. ಅಲ್ಲಿಂದ ಬೆಳಿಗ್ಗೆ ಹೊರಡುವ ಗಾಡಿಗಳಲ್ಲಿ ಬಹಳಷ್ಟು ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್‌ಗಳ ಕಡೆಗೇ ಹೋಗುತ್ತವೆ. 2023ರ ಮಾರ್ಚ್‌ನಲ್ಲಿ ಕಾಡುಗೋಡಿಗೆ ಮೆಟ್ರೊ ಬಂದ ಮೇಲಂತೂ ನಗರ ಇನ್ನಷ್ಟು ಹತ್ತಿರವಾಯಿತು. ಈ ಭಾಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಸರ್, ಎಐ ಏಜೆಂಟ್ ಮಾಡೋಕೆ ಯಾವ ಫ್ರೇಮ್‌ವರ್ಕ್ ಕಲಿಯೋದು? ಲ್ಯಾಂಗ್‌ಗ್ರಾಫಾ, ಕ್ರೂಎಐಯಾ?"

ಈ ಪ್ರಶ್ನೆಯ ಬೆನ್ನಿಗೇ ಹಲವು ತಪ್ಪು ತಿಳಿವಳಿಕೆಗಳೂ ಬರುತ್ತವೆ. ಅವನ್ನು ಬಿಡಿಸಿ ಹೇಳಲು ಊರಿನದೇ ಒಂದು ಉದಾಹರಣೆ ಇಟ್ಟುಕೊಳ್ಳೋಣ. "ನಮ್ಮಪ್ಪನ ಹೆಸರಲ್ಲಿರೋ ಸೈಟಿನ ಖಾತೆ ನನ್ನ ಹೆಸರಿಗೆ ಆಗ್ಬೇಕು, ಏನೇನು ಕಾಗದ ಕೊಡ್ಬೇಕು?" ಎಂದು ಯಾರಾದರೂ ಮೊಬೈಲ್‌ನಲ್ಲಿ ಕನ್ನಡದಲ್ಲಿ ಕೇಳಿದರೆ ಉತ್ತರಿಸುವ, ಅರ್ಜಿ ಎಲ್ಲಿಗೆ ಬಂದಿದೆ ಎಂದು ನೋಡಿ ಹೇಳುವ ಒಂದು ಇ-ಸ್ವತ್ತು (ಗ್ರಾಮ ಪಂಚಾಯಿತಿ ಆಸ್ತಿ ದಾಖಲೆ) ಸಹಾಯಕ. ಅಂಥದ್ದನ್ನು ಕಟ್ಟಬೇಕು ಎಂದುಕೊಳ್ಳಿ.

ತಪ್ಪು ಕಲ್ಪನೆ: ಫ್ರೇಮ್‌ವರ್ಕ್ ಇಲ್ಲದೆ ಏಜೆಂಟ್ ಕಟ್ಟಲು ಬರುವುದಿಲ್ಲ.

ವಾಸ್ತವ: ಬರುತ್ತದೆ, ಮೊದಲ ಸಲ ಹಾಗೆಯೇ ಕಟ್ಟಬೇಕು. ಏಜೆಂಟ್‌ನ ಒಳಗಿರುವುದು ಒಂದು ಸರಳ ಸುತ್ತು. ಬಳಕೆದಾರರ ಪ್ರಶ್ನೆಯನ್ನೂ ಲಭ್ಯವಿರುವ ಟೂಲ್‌ಗಳ ಪಟ್ಟಿಯನ್ನೂ ಭಾಷಾ ಮಾದರಿಗೆ ಕಳಿಸುತ್ತೀರಿ. ಅದು "ಅರ್ಜಿ ಸ್ಥಿತಿ ನೋಡುವ ಟೂಲನ್ನು ಈ ಅರ್ಜಿ ಸಂಖ್ಯೆಯೊಂದಿಗೆ ಕರೆ" ಎಂದು ಬರೆದು ಕೊಡುತ್ತದೆ. ಆ ಟೂಲನ್ನು ನಿಜವಾಗಿ ನಡೆಸುವುದು ನಿಮ್ಮ ಪ್ರೋಗ್ರಾಂ. ಬಂದ ಫಲಿತಾಂಶವನ್ನು ಸಂಭಾಷಣೆಗೆ ಸೇರಿಸಿ ಮತ್ತೆ ಮಾದರಿಗೆ ಕಳಿಸುತ್ತೀರಿ. ಇನ್ನು ಟೂಲ್ ಬೇಡ ಎಂದು ಮಾದರಿ ಉತ್ತರ ಬರೆಯುವವರೆಗೆ ಇದು ಸುತ್ತುತ್ತಿರುತ್ತದೆ. ಯೋಚನೆ, ಕ್ರಿಯೆ, ಫಲಿತಾಂಶ ಎಂಬ ಈ ಸುತ್ತಿಗೆ ಸ್ಪಷ್ಟ ರೂಪ ಕೊಟ್ಟದ್ದು 2022ರ ಅಕ್ಟೋಬರ್‌ನಲ್ಲಿ ಬಂದ ರಿಯಾಕ್ಟ್ ಎಂಬ ಸಂಶೋಧನಾ ಪ್ರಬಂಧ. 2023ರ ಜೂನ್‌ನಲ್ಲಿ ಓಪನ್‌ಎಐ ತನ್ನ ಎಪಿಐಗೆ ಫಂಕ್ಷನ್ ಕಾಲಿಂಗ್ (ಟೂಲ್ ಕರೆಯನ್ನು ಮಾದರಿ ನಿಗದಿತ ರೂಪದಲ್ಲಿ ಕೊಡುವ ವಿಧಾನ) ಸೇರಿಸಿದ ಮೇಲೆ ಇದನ್ನು ಬರೆಯುವುದು ಇನ್ನೂ ಸುಲಭವಾಯಿತು. ಪೈಥಾನ್ ಬಲ್ಲ ಯಾರೇ ಆದರೂ ನೂರು ಸಾಲಿನೊಳಗೆ ಬರೆಯಬಹುದು. ಆಂಥ್ರೊಪಿಕ್ 2024ರ ಡಿಸೆಂಬರ್‌ನಲ್ಲಿ ಏಜೆಂಟ್‌ಗಳ ಬಗ್ಗೆ ಬರೆದ ಲೇಖನವೂ ಇದನ್ನೇ ಹೇಳಿತು: ಮೊದಲು ನೇರವಾಗಿ ಎಪಿಐ ಬಳಸಿ, ಫ್ರೇಮ್‌ವರ್ಕ್ ತೆಗೆದುಕೊಂಡರೆ ಅದರ ಒಳಗೇನಿದೆ ಎಂದು ತಿಳಿದುಕೊಂಡಿರಿ.

ನಮ್ಮ ಇ-ಸ್ವತ್ತು ಉದಾಹರಣೆಯಲ್ಲಿ ಅರ್ಧ ಕೆಲಸಕ್ಕೆ ಏಜೆಂಟೇ ಬೇಡ. ಖಾತೆ ಬದಲಾವಣೆಗೆ ಬೇಕಾದ ಕಾಗದಗಳ ಪಟ್ಟಿ ನಿಯಮದಲ್ಲಿದೆ. ಪೌತಿಯಾ, ಕ್ರಯವಾ, ದಾನವಾ ಎಂದು ಕೇಳಿ ತಿಳಿದುಕೊಂಡರೆ ಸರಿಯಾದ ಪಟ್ಟಿ ತೆಗೆದು ಕೊಡಬಹುದು. ಹೆಜ್ಜೆಗಳು ಮೊದಲೇ ಗೊತ್ತಿರುವ ಕಡೆ ಮಾದರಿಯ ಕೈಗೆ ತೀರ್ಮಾನ ಕೊಡುವುದು ಖರ್ಚಿಗೂ ದಾರಿ, ತಪ್ಪಿಗೂ ದಾರಿ.

ತಪ್ಪು ಕಲ್ಪನೆ: ಎಲ್ಲ ಫ್ರೇಮ್‌ವರ್ಕ್‌ಗಳೂ ಒಂದೇ, ಹೆಸರು ಮಾತ್ರ ಬೇರೆ.

ವಾಸ್ತವ: ಟೂಲ್ ಕರೆಯುವ ಮಟ್ಟಿಗೆ ಬಹುತೇಕ ಎಲ್ಲವೂ ಒಂದೇ, ನಿಜ. ಆದರೆ ಮುಂದಿನ ಹೆಜ್ಜೆ ಯಾವುದೆಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ದೊಡ್ಡ ಅಂತರವಿದೆ. ನನ್ನ ಮಟ್ಟಿಗೆ ಹೋಲಿಕೆಯ ಮೊದಲ ಅಳತೆ ಇದೇ.

ಲ್ಯಾಂಗ್‌ಗ್ರಾಫ್‌ನಲ್ಲಿ ಆ ಅಧಿಕಾರ ಬಹುಪಾಲು ನಿಮ್ಮದೇ. ಕೆಲಸವನ್ನು ನೋಡ್‌ಗಳಾಗಿ ಒಡೆದು, ಯಾವುದರಿಂದ ಯಾವುದಕ್ಕೆ ಹೋಗಬೇಕೆಂದು ನೀವೇ ಬರೆಯುತ್ತೀರಿ. ಸಂಭಾಷಣೆಯ ಸ್ಥಿತಿಯನ್ನು ಪ್ರತಿ ಹೆಜ್ಜೆಯಲ್ಲೂ ಉಳಿಸಿಡುವ ಏರ್ಪಾಡು ಅದರಲ್ಲಿದೆ. ಹಾಗಾಗಿ ಮಧ್ಯದಲ್ಲಿ ನಿಲ್ಲಿಸಿ ಒಬ್ಬ ಮನುಷ್ಯನ ಒಪ್ಪಿಗೆ ಪಡೆದು, ಎರಡು ದಿನ ಬಿಟ್ಟು ಅಲ್ಲಿಂದಲೇ ಮುಂದುವರಿಸಬಹುದು. ಪಂಚಾಯಿತಿ ಕೆಲಸಕ್ಕೆ ಈ ಗುಣ ದೊಡ್ಡದು. ಇ-ಸ್ವತ್ತಿನಲ್ಲಿ ಆಸ್ತಿ ದಾಖಲೆಯಾದ ನಮೂನೆ 9ಕ್ಕೆ ಡಿಜಿಟಲ್ ಸಹಿ ಹಾಕುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಆ ಹೆಜ್ಜೆಯನ್ನು ಯಾವ ಯಂತ್ರವೂ ದಾಟಿ ಹೋಗಬಾರದು. ಆದರೆ ಲ್ಯಾಂಗ್‌ಗ್ರಾಫ್ ಕಲಿಯಲು ಸಮಯ ಬೇಕು, ಸಣ್ಣ ಕೆಲಸಕ್ಕೆ ಕೋಡ್ ಉದ್ದವಾಗುತ್ತದೆ.

ಕ್ರೂಎಐ ಇದಕ್ಕೆ ಎದುರು ದಿಕ್ಕಿನಿಂದ ಬರುತ್ತದೆ. ನೀನು ದಾಖಲೆ ಪರಿಶೀಲಕ, ನಿನ್ನ ಗುರಿ ಇದು, ನಿನ್ನ ಹಿನ್ನೆಲೆ ಇದು ಎಂದು ಪಾತ್ರಗಳನ್ನು ಬರೆದು, ಕೆಲಸ ಹಂಚುತ್ತೀರಿ. ಮೊದಲ ದಿನವೇ ಏನೋ ಒಂದು ಓಡುತ್ತದೆ, ಕಲಿಯುವವರಿಗೆ ಹುಮ್ಮಸ್ಸು ಬರುತ್ತದೆ. ತೊಂದರೆ ಕಾಣುವುದು ಆಮೇಲೆ. ಪಾತ್ರಗಳ ವಿವರಣೆಯಿಂದ ಒಳಗೆ ಪ್ರಾಂಪ್ಟ್ ಕಟ್ಟುವುದು ಫ್ರೇಮ್‌ವರ್ಕ್. ಉತ್ತರ ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಹುಡುಕಲು ಆ ಪದರವನ್ನೂ ಬಗೆಯಬೇಕು. ಹೆಜ್ಜೆಗಳನ್ನು ನಾವೇ ನಿಗದಿ ಮಾಡುವ ಫ್ಲೋಸ್ ಎಂಬ ದಾರಿಯನ್ನು ಕ್ರೂಎಐ ತಂಡ ಆಮೇಲೆ ಸೇರಿಸಿದೆ.

ಮೈಕ್ರೋಸಾಫ್ಟ್‌ನ ಆಟೊಜೆನ್ ಏಜೆಂಟ್‌ಗಳ ನಡುವಿನ ಮಾತುಕತೆಯನ್ನೇ ಕೇಂದ್ರವಾಗಿಟ್ಟುಕೊಂಡು 2023ರಲ್ಲಿ ಬಂತು. ಓಪನ್‌ಎಐ ಏಜೆಂಟ್ಸ್ ಎಸ್‌ಡಿಕೆಯಲ್ಲಿ ಒಂದು ಏಜೆಂಟ್ ಸಂಭಾಷಣೆಯನ್ನು ಇನ್ನೊಂದಕ್ಕೆ ದಾಟಿಸುವ ಹ್ಯಾಂಡ್‌ಆಫ್ ಮುಖ್ಯ. ಹಗ್ಗಿಂಗ್ ಫೇಸ್‌ನ ಸ್ಮೋಲ್‌ಏಜೆಂಟ್ಸ್‌ನಲ್ಲಿ ಮಾದರಿ ಪ್ರತಿ ಹೆಜ್ಜೆಯಲ್ಲೂ ಪೈಥಾನ್ ಕೋಡನ್ನೇ ಬರೆಯುತ್ತದೆ. ಚಿಕ್ಕದು, ಓದಿ ಕಲಿಯಲು ಸೊಗಸಾದದ್ದು, ಆದರೆ ಮಾದರಿ ಬರೆದ ಕೋಡನ್ನು ಬೇಲಿ ಹಾಕಿದ ಜಾಗದಲ್ಲೇ ಓಡಿಸಬೇಕು. ದಾಖಲೆ, ಸುತ್ತೋಲೆಗಳಿಂದ ಉತ್ತರ ಹೆಕ್ಕುವುದೇ ಮುಖ್ಯ ಕೆಲಸವಾದರೆ ಲಾಮಾಇಂಡೆಕ್ಸ್ ನೋಡಿ. ಗೂಗಲ್‌ನ ಎಡಿಕೆ 2025ರ ಏಪ್ರಿಲ್‌ನಲ್ಲಿ ಬಂತು. ಸಾಲಾಗಿ, ಜೊತೆಜೊತೆಯಾಗಿ, ಮತ್ತೆ ಮತ್ತೆ ಎಂಬ ಮೂರು ಬಗೆಯ ಜೋಡಣೆಯನ್ನು ಅದು ಸಿದ್ಧವಾಗಿಯೇ ಕೊಡುತ್ತದೆ.

ತಪ್ಪು ಕಲ್ಪನೆ: ಗಿಟ್‌ಹಬ್‌ನಲ್ಲಿ ಹೆಚ್ಚು ಸ್ಟಾರ್ ಇರುವುದನ್ನೋ ದೊಡ್ಡ ಕಂಪನಿಯದನ್ನೋ ಆರಿಸಿದರೆ ಹತ್ತು ವರ್ಷ ಚಿಂತೆಯಿಲ್ಲ.

ವಾಸ್ತವ: ಇವು ಹುಟ್ಟಿದ್ದೇ ಮೊನ್ನೆ. ಲ್ಯಾಂಗ್‌ಗ್ರಾಫ್ ತಂಡದ್ದೇ ಆದ ಲ್ಯಾಂಗ್‌ಚೈನ್ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಆಮೇಲೆ ಅದರ ಹಳೆಯ ಏಜೆಂಟ್ ವಿಧಾನವನ್ನು ಬಿಟ್ಟು ಲ್ಯಾಂಗ್‌ಗ್ರಾಫ್‌ಗೆ ಬನ್ನಿ ಎಂದು ಅದೇ ತಂಡ ಹೇಳಿತು. ಓಪನ್‌ಎಐ 2024ರ ಅಕ್ಟೋಬರ್‌ನಲ್ಲಿ ಪ್ರಯೋಗಕ್ಕೆಂದು ಬಿಟ್ಟ ಸ್ವಾರ್ಮ್‌ನ ಜಾಗಕ್ಕೆ 2025ರ ಮಾರ್ಚ್‌ನಲ್ಲಿ ಏಜೆಂಟ್ಸ್ ಎಸ್‌ಡಿಕೆ ಬಂತು. ಆಟೊಜೆನ್ 2025ರ ಜನವರಿಯಲ್ಲಿ ಬುಡದಿಂದ ಹೊಸ ವಿನ್ಯಾಸ ಪಡೆಯಿತು. ಅಷ್ಟರೊಳಗೆ ಅದರಿಂದ ಎಜಿ2 ಎಂಬ ಇನ್ನೊಂದು ಕವಲು ಒಡೆದಿತ್ತು. 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಆಟೊಜೆನ್ ಮತ್ತು ತನ್ನದೇ ಇನ್ನೊಂದು ಫ್ರೇಮ್‌ವರ್ಕ್ ಸೆಮ್ಯಾಂಟಿಕ್ ಕರ್ನಲ್ ಎರಡರ ಉತ್ತರಾಧಿಕಾರಿಯಾಗಿ ಏಜೆಂಟ್ ಫ್ರೇಮ್‌ವರ್ಕ್ ಪ್ರಕಟಿಸಿತು. ಆದ್ದರಿಂದ ನಿಮ್ಮ ಟೂಲ್‌ಗಳು, ಪ್ರಾಂಪ್ಟ್‌ಗಳು, ಪರೀಕ್ಷಾ ಪ್ರಶ್ನೆಗಳು ಫ್ರೇಮ್‌ವರ್ಕ್‌ನ ಹೊರಗೆ ಸಾಮಾನ್ಯ ಫೈಲುಗಳಲ್ಲಿರಲಿ. ಬದಲಿಸಬೇಕಾದ ದಿನ ಬಂದೇ ಬರುತ್ತದೆ.

ತಪ್ಪು ಕಲ್ಪನೆ: ಏಜೆಂಟ್‌ಗಳು ಹೆಚ್ಚಿದಷ್ಟೂ ಬುದ್ಧಿ ಹೆಚ್ಚು.

ವಾಸ್ತವ: ಪ್ರತಿ ಹೆಜ್ಜೆ ನೂರಕ್ಕೆ 95 ಸಲ ಸರಿಯಾಗುತ್ತದೆ ಎಂದಿಟ್ಟುಕೊಳ್ಳಿ. ಅಂಥ ಹತ್ತು ಹೆಜ್ಜೆ ಸಾಲಾಗಿ ದಾಟಿದರೆ ಕೊನೆಗೆ ಎಲ್ಲವೂ ಸರಿಯಾಗಿರುವ ಸಾಧ್ಯತೆ ನೂರಕ್ಕೆ ಸುಮಾರು 60 ಮಾತ್ರ. ಏಜೆಂಟ್‌ನಿಂದ ಏಜೆಂಟ್‌ಗೆ ಮಾತು ದಾಟುವಾಗ ವಿವರ ಸೋರಿಹೋಗುತ್ತದೆ. ಖರ್ಚೂ ಕಮ್ಮಿಯಲ್ಲ. ಆಂಥ್ರೊಪಿಕ್ ತನ್ನ ಬಹು ಏಜೆಂಟ್ ಸಂಶೋಧನಾ ವ್ಯವಸ್ಥೆಯ ಬಗ್ಗೆ 2025ರ ಜೂನ್‌ನಲ್ಲಿ ಬರೆದಾಗ, ಮಾಮೂಲಿ ಚಾಟ್‌ಗಿಂತ ಸುಮಾರು 15 ಪಟ್ಟು ಟೋಕನ್ (ಮಾದರಿ ಪಠ್ಯವನ್ನು ಒಡೆದುಕೊಳ್ಳುವ ತುಣುಕು) ಹಿಡಿಯುತ್ತದೆ ಎಂದಿತ್ತು. ಹಲವು ದಿಕ್ಕಿನಲ್ಲಿ ಒಟ್ಟಿಗೇ ಹುಡುಕಬೇಕಾದ ಸಂಶೋಧನೆಯ ಕೆಲಸದಲ್ಲಿ ಅದರಿಂದ ಒಳ್ಳೆಯ ಫಲ ಬಂತೆಂದೂ ಹೇಳಿತ್ತು, ಅದೂ ನಿಜ. ಖಾತೆ ಅರ್ಜಿಯ ಪ್ರಶ್ನೆ ಅಂಥ ಕೆಲಸವಲ್ಲ. ಒಂದು ಏಜೆಂಟ್, ಚೆನ್ನಾಗಿ ಬರೆದ ನಾಲ್ಕೈದು ಟೂಲ್ ಸಾಕು.

ತಪ್ಪು ಕಲ್ಪನೆ: ಒಳ್ಳೆಯ ಫ್ರೇಮ್‌ವರ್ಕ್ ಹಿಡಿದರೆ ಕನ್ನಡ ತಾನಾಗಿ ಬರುತ್ತದೆ.

ವಾಸ್ತವ: ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತರುವ ನಂಬಿಕೆ ಇದು. ಕನ್ನಡ ಬರುವುದು ಮಾದರಿಗೆ, ಫ್ರೇಮ್‌ವರ್ಕ್‌ಗೆ ಅಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು, ಆದರೆ ಮಾದರಿಗೆ ಬಂದ ಕನ್ನಡವನ್ನೂ ಫ್ರೇಮ್‌ವರ್ಕ್ ಕೆಡಿಸಬಲ್ಲದು.

"ಸಮೇತನಹಳ್ಳಿ" ಎಂಬ ಹೆಸರನ್ನೇ ನೋಡಿ. ಯೂನಿಕೋಡ್‌ನಲ್ಲಿ ಇದು ಹತ್ತು ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಒಟ್ಟು 30. ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ 14 ಬೈಟ್. ಮಾದರಿ ಇದನ್ನು ಎಷ್ಟು ಟೋಕನ್‌ಗಳಾಗಿ ಒಡೆಯುತ್ತದೆ ಎಂಬುದರ ಮೇಲೆ ಖರ್ಚೂ ವೇಗವೂ ನಿಂತಿವೆ. 2024ರ ಮೇನಲ್ಲಿ ಜಿಪಿಟಿ-4ಒ ಬಂದಾಗ ಹೊಸ ಟೋಕನೈಸರ್‌ನಿಂದ ತೆಲುಗಿಗೆ 3.5 ಪಟ್ಟು, ತಮಿಳಿಗೆ 3.3 ಪಟ್ಟು ಟೋಕನ್ ಕಡಿಮೆಯಾಯಿತೆಂದು ಓಪನ್‌ಎಐ ಹೇಳಿತು. ಅದಕ್ಕೆ ಹಿಂದೆ ನಮ್ಮ ಭಾಷೆಗಳು ತೆರುತ್ತಿದ್ದ ಬೆಲೆ ಎಷ್ಟೆಂದು ಇದರಿಂದಲೇ ಗೊತ್ತಾಗುತ್ತದೆ. ಬೆಂಗಳೂರಿನದೇ ಆದ ಸರ್ವಂ ಎಐ 2024ರಲ್ಲಿ ಕನ್ನಡವೂ ಸೇರಿದ ಹತ್ತು ಭಾರತೀಯ ಭಾಷೆಗಳಿಗೆಂದು ಸರ್ವಂ-1 ಮಾದರಿಯನ್ನು ತಯಾರಿಸುವಾಗ ಟೋಕನೈಸರ್ ಮೇಲೆ ವಿಶೇಷ ಗಮನ ಕೊಟ್ಟದ್ದೂ ಇದೇ ಕಾರಣಕ್ಕೆ.

ಇನ್ನು ಸಮೇತನಹಳ್ಳಿಯ "ಮೇ" ಅಕ್ಷರದ ದೀರ್ಘ. ಅದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಯೂನಿಕೋಡ್ ನಾರ್ಮಲೈಸೇಷನ್ ಮಾಡದೆ ಊರಿನ ಹೆಸರನ್ನು ಹೋಲಿಸಿದರೆ "ಇಂಥ ಗ್ರಾಮ ಇಲ್ಲ" ಎಂಬ ಉತ್ತರ ಬರಬಹುದು. ವಿಭಕ್ತಿಯದು ಇನ್ನೊಂದು ಕಥೆ: ಸಮೇತನಹಳ್ಳಿಗೆ, ಸಮೇತನಹಳ್ಳಿಯಲ್ಲಿ, ಸಮೇತನಹಳ್ಳಿಯಿಂದ ಎಂದು ಜನ ಬರೆಯುತ್ತಾರೆ, ಪದ ಹೊಂದಿಸಿ ಹುಡುಕುವ ಟೂಲ್‌ಗೆ ಇವೆಲ್ಲ ಬೇರೆ ಬೇರೆ ಪದಗಳು. ಸುತ್ತೋಲೆಯನ್ನು ತುಂಡು ಮಾಡಿ ಸಂಗ್ರಹಿಸುವಾಗ ಅಕ್ಷರದ ಲೆಕ್ಕದಲ್ಲಿ ಕತ್ತರಿಸಿದರೆ ಒತ್ತಕ್ಷರವೇ ತುಂಡಾಗುವುದುಂಟು. ಜೊತೆಗೆ ಹಲವು ಫ್ರೇಮ್‌ವರ್ಕ್‌ಗಳ ಒಳಗೆ ಅಡಗಿರುವ ಸೂಚನೆಗಳು ಇಂಗ್ಲಿಷ್‌ನವು. ಅವುಗಳ ಸೆಳೆತದಿಂದ ಉತ್ತರ ಇದ್ದಕ್ಕಿದ್ದಂತೆ ಇಂಗ್ಲಿಷ್‌ಗೆ ಹೊರಳಬಹುದು, ಇಲ್ಲವೇ ಪಹಣಿ, ಇಸಿ, ಪೌತಿ ಖಾತೆ ಎಂಬ ಜನರ ಮಾತು ಬಿಟ್ಟು ಯಾರಿಗೂ ತಿಳಿಯದ ಗ್ರಾಂಥಿಕ ಕನ್ನಡ ಬರಬಹುದು. ಆದ್ದರಿಂದ ಕನ್ನಡದ ಮಟ್ಟಿಗೆ ಯಾವ ಫ್ರೇಮ್‌ವರ್ಕ್ ನೋಡಿದರೂ ಮೊದಲು ಕೇಳಬೇಕಾದ್ದು: ಒಳಗಿನ ಪ್ರಾಂಪ್ಟನ್ನು ನಾನು ಪೂರ್ತಿಯಾಗಿ ಓದಬಹುದೇ, ಬದಲಿಸಬಹುದೇ?

ತಪ್ಪು ಕಲ್ಪನೆ: ಎಂಸಿಪಿ ಬಂದಿದೆ, ಇನ್ನು ಯಾವ ಫ್ರೇಮ್‌ವರ್ಕ್ ಆದರೇನು.

ವಾಸ್ತವ: 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ತೆರೆದಿಟ್ಟ ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೋಕಾಲ್), ಟೂಲನ್ನು ಏಜೆಂಟ್‌ಗೆ ಜೋಡಿಸುವ ಒಂದು ಸಾಮಾನ್ಯ ರೀತಿ. ಒಮ್ಮೆ ಬರೆದ ಅರ್ಜಿ ಸ್ಥಿತಿಯ ಟೂಲನ್ನು ಬೇರೆ ಬೇರೆ ಫ್ರೇಮ್‌ವರ್ಕ್‌ಗಳಲ್ಲಿ ಬಳಸಲು ಅದು ದಾರಿ ಮಾಡಿಕೊಟ್ಟಿತು. ಹೆಜ್ಜೆಗಳ ಕ್ರಮ, ನೆನಪು, ಒಪ್ಪಿಗೆ ಇವು ಅದರ ಕೆಲಸವಲ್ಲ.

ತಪ್ಪು ಕಲ್ಪನೆ: ಫ್ರೇಮ್‌ವರ್ಕ್‌ನಲ್ಲಿ ತಪ್ಪು ನಡೆಯನ್ನು ತಡೆಯುವ ಗಾರ್ಡ್‌ರೈಲ್ ಇದೆ, ಸುರಕ್ಷತೆ ಅದೇ ನೋಡಿಕೊಳ್ಳುತ್ತದೆ.

ವಾಸ್ತವ: ದಾಖಲೆ ತಿದ್ದಬೇಡ ಎಂದು ಪ್ರಾಂಪ್ಟ್‌ನಲ್ಲಿ ಬರೆಯುವುದಕ್ಕೂ, ದಾಖಲೆ ತಿದ್ದುವ ಅನುಮತಿಯನ್ನೇ ಟೂಲ್‌ಗೆ ಕೊಡದಿರುವುದಕ್ಕೂ ಅಜಗಜಾಂತರ. ಓದುವ ಟೂಲ್ ಓದಲಷ್ಟೇ ಶಕ್ತವಾಗಿರಲಿ. ಜನ ಅಪ್‌ಲೋಡ್ ಮಾಡಿದ ಪಿಡಿಎಫ್‌ನ ಒಳಗೇ ಏಜೆಂಟ್‌ನ ದಾರಿ ತಪ್ಪಿಸುವ ಸೂಚನೆ ಇರಬಹುದು, ಅದನ್ನು ತಡೆಯುವ ಖಾತ್ರಿ ಯಾವ ಫ್ರೇಮ್‌ವರ್ಕ್‌ಗೂ ಇಲ್ಲ. ಮಾಹಿತಿ ಎಲ್ಲಿಗೆ ಹೋಗುತ್ತಿದೆ ಎಂದೂ ನೋಡಿ. ಓಪನ್‌ಎಐ ಏಜೆಂಟ್ಸ್ ಎಸ್‌ಡಿಕೆಯಲ್ಲಿ, ಪ್ರತಿ ಹೆಜ್ಜೆಯ ದಾಖಲೆಯನ್ನು ಓಪನ್‌ಎಐಗೆ ಕಳಿಸುವ ಟ್ರೇಸಿಂಗ್ ಮೊದಲಿಂದಲೇ ಚಾಲೂ ಇರುತ್ತದೆ, ಬೇಡವಾದರೆ ನೀವೇ ನಿಲ್ಲಿಸಬೇಕು. ಆಧಾರ್ ಸಂಖ್ಯೆ, ಫೋನ್ ನಂಬರ್ ಇರುವ ಸಂಭಾಷಣೆ ಹಾಗೆ ಹೊರಗೆ ಹೋಗುವುದು ಸರಿಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆ ಹೊರಿಸುವುದು ದತ್ತಾಂಶ ಬಳಸುವ ಸಂಸ್ಥೆಯ ಮೇಲೆ, ಫ್ರೇಮ್‌ವರ್ಕ್ ಬರೆದವರ ಮೇಲಲ್ಲ.

ತಪ್ಪು ಕಲ್ಪನೆ: ಡೆಮೊ ಚೆನ್ನಾಗಿ ಓಡಿತು, ಇನ್ನು ಜನರ ಕೈಗೆ ಕೊಡಬಹುದು.

ವಾಸ್ತವ: ಸಿಯೆರಾ ಕಂಪನಿಯ ಸಂಶೋಧಕರು 2024ರಲ್ಲಿ ಟೌ-ಬೆಂಚ್ ಎಂಬ ಪರೀಕ್ಷೆ ಪ್ರಕಟಿಸಿದರು. ಅಂಗಡಿ ಗ್ರಾಹಕ ಸೇವೆ, ವಿಮಾನ ಟಿಕೆಟ್‌ನಂಥ ಕೆಲಸಗಳಲ್ಲಿ ಆಗಿನ ಮುಂಚೂಣಿಯ ಜಿಪಿಟಿ-4ಒ ಕೂಡ ಅರ್ಧಕ್ಕಿಂತ ಕಡಿಮೆ ಪ್ರಸಂಗಗಳನ್ನು ಸರಿಯಾಗಿ ಮುಗಿಸಿತು. ಅಂಗಡಿಯ ಕೆಲಸದಲ್ಲಿ ಒಂದೇ ಪ್ರಸಂಗವನ್ನು ಎಂಟು ಸಲ ಕೊಟ್ಟು ಎಂಟೂ ಸಲ ಸರಿ ಬರಬೇಕೆಂದಾಗ ಅದು ನೂರಕ್ಕೆ 25ಕ್ಕಿಂತ ಕೆಳಗಿಳಿಯಿತು. ಆಮೇಲೆ ಬಂದ ಮಾದರಿಗಳು ಸುಧಾರಿಸಿವೆ, ಆದರೆ ಒಮ್ಮೆ ಸರಿ ಬಂದದ್ದು ಪ್ರತಿ ಸಲವೂ ಬರುತ್ತದೆ ಎಂದುಕೊಳ್ಳುವಂತಿಲ್ಲ. ಖಾತೆಗಾಗಿ ಕೂಲಿ ಬಿಟ್ಟು ಪಂಚಾಯಿತಿಗೆ ಬಂದವರಿಗೆ ಏಜೆಂಟ್ ತಪ್ಪು ಕಾಗದದ ಹೆಸರು ಹೇಳಿದರೆ, ಅವರ ಇನ್ನೊಂದು ದಿನದ ಕೂಲಿಯೂ ಹೋಯಿತು.

ಆದ್ದರಿಂದ ಈ ಸೀಮೆಯಲ್ಲಿ ಓದುತ್ತಿರುವ ತರುಣರಲ್ಲಿ ನನ್ನ ಕೋರಿಕೆ ಇಷ್ಟು. ಫ್ರೇಮ್‌ವರ್ಕ್ ಆರಿಸುವ ಮುಂಚೆ ನಿಮ್ಮ ಪಂಚಾಯಿತಿಗೆ ಬರುವ ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನು, ಅವರಾಡುವ ಕನ್ನಡದಲ್ಲೇ, ಅವರ ಹೆಸರು ನಂಬರ್ ತೆಗೆದು ಬರೆದುಕೊಳ್ಳಿ. ಐವತ್ತಾದರೂ ಇರಲಿ. ಪ್ರತಿಯೊಂದಕ್ಕೂ ಸರಿಯಾದ ಉತ್ತರವನ್ನು ಅಲ್ಲಿನ ಸಿಬ್ಬಂದಿಯಿಂದ ಕೇಳಿ ಪಕ್ಕದಲ್ಲಿ ಬರೆಯಿರಿ. ನೀವೇ ಬರೆದ ನೂರು ಸಾಲಿನ ಸುತ್ತಿಗೆ ಆ ಪ್ರಶ್ನೆಗಳನ್ನು ಕೊಟ್ಟು ನೋಡಿ, ಪ್ರತಿ ಪ್ರಶ್ನೆಯನ್ನೂ ಹಲವು ಸಲ ಕೊಡಿ. ಅದು ಎಲ್ಲಿ ಸೋಲುತ್ತದೋ, ಆ ಸೋಲನ್ನು ನೀಗಿಸುವ ಫ್ರೇಮ್‌ವರ್ಕನ್ನು ಮಾತ್ರ ತೆಗೆದುಕೊಳ್ಳಿ. ಮತ್ತು ಆ ಪ್ರಶ್ನೋತ್ತರಗಳನ್ನು ಎಲ್ಲರಿಗೂ ಸಿಗುವಂತೆ ತೆರೆದಿಡಿ.