ಮೂರು ಸರ್ಟಿಫಿಕೇಟ್, ಸೊನ್ನೆ ಅನುಭವ

ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್ತಹಳ್ಳಿ, ರಾಜಾಜಿನಗರದ ಮುಖ್ಯರಸ್ತೆಗಳಲ್ಲಿ ತಲೆಯೆತ್ತಿ ನೋಡಿದರೆ ಪಿಜಿ ಬೋರ್ಡುಗಳ ಪಕ್ಕದಲ್ಲೇ ಟ್ರೈನಿಂಗ್ ಇನ್‌ಸ್ಟಿಟ್ಯೂಟ್‌ಗಳ ಬೋರ್ಡು. ಜಾವಾ, ಟೆಸ್ಟಿಂಗ್, ಕ್ಲೌಡ್, ಡೆವ್‌ಆಪ್ಸ್. ಜೊತೆಗೆ ದಪ್ಪ ಅಕ್ಷರದಲ್ಲಿ ‘ಪ್ಲೇಸ್‌ಮೆಂಟ್ ಗ್ಯಾರಂಟಿ’. ಹೈದರಾಬಾದಿನ ಅಮೀರ್‌ಪೇಟೆಯಂತೂ ಇದೇ ವ್ಯಾಪಾರದಿಂದ ದೇಶಕ್ಕೆಲ್ಲ ಹೆಸರಾಗಿದೆ. ಹಾಸನದಿಂದಲೋ ಕಲಬುರಗಿಯಿಂದಲೋ ಬಿಸಿಎ, ಬಿಎಸ್‌ಸಿ, ಎಂಜಿನಿಯರಿಂಗ್ ಮುಗಿಸಿ ಬಂದ, ಕ್ಯಾಂಪಸ್‌ ಸೆಲೆಕ್ಷನ್‌ನಲ್ಲಿ ಆಯ್ಕೆಯಾಗದ ಹುಡುಗ ಹುಡುಗಿಯರು ಆ ಬೋರ್ಡಿನ ಕೆಳಗಿನ ಮೆಟ್ಟಿಲು ಹತ್ತುತ್ತಾರೆ. ಅವರ ಲೆಕ್ಕ ಸರಳ: ಅನುಭವ ಇಲ್ಲದಿದ್ದರೇನಂತೆ, ಸರ್ಟಿಫಿಕೇಟ್ ಮಾಡಿಕೊಂಡರಾಯಿತು. ಒಂದು ಸಾಲದಿದ್ದರೆ ಮೂರು.

ಲೆಕ್ಕ ಪೂರ್ತಿ ತಪ್ಪಲ್ಲ. ಆದರೆ ಎಲ್ಲ ಸರ್ಟಿಫಿಕೇಟಿಗೂ ಒಂದೇ ತೂಕ, ಮೂರು ಸೇರಿದರೆ ಅನುಭವಕ್ಕೆ ಸಮ ಎಂಬ ನಂಬಿಕೆಯಲ್ಲಿ ಅದು ಎಡವುತ್ತದೆ.

ಮೊದಲು ತೂಕದ ಮಾತು. ಅಮೆಜಾನ್‌ನ ‘ಎಡಬ್ಲ್ಯುಎಸ್ ಕ್ಲೌಡ್ ಪ್ರಾಕ್ಟೀಷನರ್’ ಫ್ರೆಶರ್‌ಗಳು ಹೆಚ್ಚಾಗಿ ಆರಿಸಿಕೊಳ್ಳುವ ಪರೀಕ್ಷೆ. 90 ನಿಮಿಷ, 65 ಪ್ರಶ್ನೆ, ಎಲ್ಲವೂ ಉತ್ತರ ಆರಿಸುವ ಮಾದರಿಯವು, ಶುಲ್ಕ 100 ಡಾಲರ್. ಇಡೀ ಪರೀಕ್ಷೆಯಲ್ಲಿ ಒಂದು ಸರ್ವರನ್ನೂ ಮುಟ್ಟಬೇಕಿಲ್ಲ. ಕ್ಲೌಡ್ ಎಂದರೇನು, ಬಿಲ್ಲು ಹೇಗೆ ಬರುತ್ತದೆ ಎಂಬುದರ ಪರಿಚಯಕ್ಕೆ ಇದು ಒಳ್ಳೆಯದೇ. ಮಾರಾಟ ವಿಭಾಗದವರೂ ಬರೆಯಬಹುದಾದ ಪರೀಕ್ಷೆ ಎಂಬುದನ್ನು ಮರೆಯಬಾರದು, ಅಷ್ಟೆ.

ಇದರ ಪಕ್ಕದಲ್ಲಿ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯನ್ನು ಇಟ್ಟು ನೋಡಿ. ಅಲ್ಲಿ ಆರಿಸಲು ಉತ್ತರಗಳೇ ಇಲ್ಲ. ಲಿನಕ್ಸ್ ಮಷಿನ್ ಮುಂದೆ ಕೂರಿಸಿ ಕೆಲಸ ಕೊಡುತ್ತಾರೆ: ಬೂಟ್ ಆಗುವಾಗಲೇ ತಡೆದು ಒಳಹೊಕ್ಕು, ಮರೆತುಹೋದ ರೂಟ್ ಪಾಸ್‌ವರ್ಡ್ ಬದಲಿಸು, ಡಿಸ್ಕ್ ಭಾಗ ಮಾಡು, ಬಳಕೆದಾರರ ಅನುಮತಿ ಸರಿಪಡಿಸು. ಇಂಟರ್‌ನೆಟ್ ಇಲ್ಲ. ಮಾಡಿದ ಬದಲಾವಣೆ ಮಷಿನ್ ರೀಬೂಟ್ ಆದ ಮೇಲೂ ಉಳಿದಿರಬೇಕು, ಉಳಿಯದಿದ್ದರೆ ಅಂಕವಿಲ್ಲ. ನಿಜವಾದ ಕೆಲಸದಲ್ಲೂ ಕೇಳುವುದು ಇದನ್ನೇ ಅಲ್ಲವೇ? ಕಂಟೇನರ್‌ಗಳನ್ನು ನಿರ್ವಹಿಸುವ ತಂತ್ರಾಂಶ ಕುಬರ್ನೆಟೀಸ್‌ನ ಸಿಕೆಎ ಪರೀಕ್ಷೆಯೂ ಹೀಗೆಯೇ, ಎರಡು ಗಂಟೆ ಕಮಾಂಡ್ ಲೈನ್ ಮೇಲೆ. ರೆಸ್ಯುಮೆಯಲ್ಲಿ ಎಲ್ಲವೂ ಒಂದೊಂದೇ ಸಾಲು. ಆದರೆ ಇಂಟರ್‌ವ್ಯೂ ಮಾಡುವ ಎಂಜಿನಿಯರ್‌ಗೆ ವ್ಯತ್ಯಾಸ ಗೊತ್ತಿರುತ್ತದೆ.

ಆರಿಸುವ ಮಾದರಿಯ ಪರೀಕ್ಷೆಗಳ ಹಿಂದೆಯೇ ‘ಡಂಪ್ಸ್’ ಬರುತ್ತವೆ, ಅಂದರೆ ಕದ್ದು ಹಂಚಿದ ಪ್ರಶ್ನೋತ್ತರ. ಈ ರೋಗ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ ಮೈಕ್ರೋಸಾಫ್ಟ್‌ನ ಎಂಸಿಎಸ್‌ಇ ಹುಚ್ಚು ಹಬ್ಬಿದಾಗ, ಉರು ಹೊಡೆದು ಪಾಸಾಗಿ ಸರ್ವರ್ ಎದುರು ಬೆಪ್ಪಾಗಿ ನಿಲ್ಲುವವರಿಗೆ ಅಮೆರಿಕದಲ್ಲಿ ‘ಪೇಪರ್ ಎಂಸಿಎಸ್‌ಇ’ ಎಂಬ ಅಡ್ಡಹೆಸರೇ ಇತ್ತು. ಎಂಸಿಎಸ್‌ಇ ಹೆಸರಿನ ಸರ್ಟಿಫಿಕೇಟನ್ನು ಮೈಕ್ರೋಸಾಫ್ಟ್ 2021ರ ಜನವರಿಯಲ್ಲಿ ನಿಲ್ಲಿಸಿತು. ಡಂಪ್ಸ್ ಮಾತ್ರ ನಿಂತಿಲ್ಲ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಮತ್ತೆ ಬರೆಯುವುದಕ್ಕೂ ನಿಷೇಧ ಬೀಳಬಹುದು.

ಇನ್ನು ಸರ್ಟಿಫಿಕೇಟ್ ಅನುಭವದ ಜಾಗ ತುಂಬುತ್ತದೆ ಎಂಬ ನಂಬಿಕೆ. ದೊಡ್ಡ ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೇ ಇದನ್ನು ಒಪ್ಪುವುದಿಲ್ಲ. ಸೈಬರ್ ಭದ್ರತೆಯಲ್ಲಿ ಎಲ್ಲರೂ ಕನಸು ಕಾಣುವ ಸಿಐಎಸ್‌ಎಸ್‌ಪಿಗೆ ಐದು ವರ್ಷದ ಸಂಬಳದ ಅನುಭವ ಬೇಕು. ಸಂಬಂಧಪಟ್ಟ ವಿಷಯದಲ್ಲಿ ಪದವಿ ಇದ್ದರೆ ಒಂದು ವರ್ಷ ವಿನಾಯಿತಿ. ಅನುಭವವಿಲ್ಲದೆ ಪಾಸಾದರೆ ‘ಅಸೋಸಿಯೇಟ್’ ಎಂಬ ಪಟ್ಟ ಮಾತ್ರ, ಅನುಭವ ಗಳಿಸಲು ಆರು ವರ್ಷ ಗಡುವು. ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿಎಂಪಿಯಲ್ಲಂತೂ ಪದವೀಧರರೂ ಮೂರು ವರ್ಷ ಪ್ರಾಜೆಕ್ಟ್ ನಡೆಸಿದ ದಾಖಲೆ ಕೊಟ್ಟ ಮೇಲೆಯೇ ಪರೀಕ್ಷೆ. ಫ್ರೆಶರ್‌ಗಳಿಗೆ ಇಂಥವುಗಳ ಕೋಚಿಂಗ್ ಮಾರುವವರಿಂದ ದೂರವಿರುವುದು ಕ್ಷೇಮ.

ಹಾಗಾದರೆ ಕಂಪನಿಗಳಿಗೆ ಸರ್ಟಿಫಿಕೇಟ್ ಲೆಕ್ಕಕ್ಕೇ ಇಲ್ಲವೇ? ರೆಡಿಟ್‌ನಿಂದ ಕಾಫಿ ಟೇಬಲ್‌ವರೆಗೆ ಹಿರಿಯರು ಹೇಳುವ ಈ ಮಾತೂ ಅರ್ಧ ಸುಳ್ಳು. ಅಮೆಜಾನ್, ಮೈಕ್ರೋಸಾಫ್ಟ್, ಸಿಸ್ಕೋದಂಥ ಸಂಸ್ಥೆಗಳು ತಮ್ಮ ಉತ್ಪನ್ನ ಮಾರುವ, ಅಳವಡಿಸುವ ಕಂಪನಿಗಳಿಗೆ ಪಾಲುದಾರಿಕೆಯ ದರ್ಜೆ ಕೊಡುತ್ತವೆ. ಮೇಲಿನ ದರ್ಜೆ ಬೇಕಾದರೆ ಕಂಪನಿಯಲ್ಲಿ ಇಂತಿಷ್ಟು ಮಂದಿ ಸರ್ಟಿಫೈಡ್ ಸಿಬ್ಬಂದಿ ಇರಲೇಬೇಕು. ಆ ಲೆಕ್ಕ ಭರ್ತಿ ಮಾಡಬೇಕಾದ ಮಧ್ಯಮ ಗಾತ್ರದ ಪಾಲುದಾರ ಕಂಪನಿಗೆ ಸಿಸ್ಕೋದ ಸಿಸಿಎನ್‌ಎ ಅಥವಾ ಎಡಬ್ಲ್ಯುಎಸ್‌ನ ಅಸೋಸಿಯೇಟ್ ಮಟ್ಟದ ಪರೀಕ್ಷೆ ಮಾಡಿಕೊಂಡ ಫ್ರೆಶರ್ ನಿಜಕ್ಕೂ ಉಪಯೋಗದ ಮನುಷ್ಯ. ವಿಚಿತ್ರವೆಂದರೆ ಕೆಲಸ ಹುಡುಕುವವರು ಈ ಪಾಲುದಾರರ ಪಟ್ಟಿಯನ್ನು ನೋಡುವುದೇ ಅಪರೂಪ. ಅದು ಆಯಾ ಸಂಸ್ಥೆಯ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ.

ಹಾಗೆಂದು ಸಂಗ್ರಹ ಬೆಳೆಸಿಕೊಂಡು ಹೋಗುವುದೂ ಜಾಣತನವಲ್ಲ. ಎಡಬ್ಲ್ಯುಎಸ್, ಸಿಸಿಎನ್‌ಎ ಎರಡಕ್ಕೂ ಮೂರೇ ವರ್ಷ ಆಯಸ್ಸು. ಸಿಕೆಎಗೆ ಈಗ ಎರಡು. ಸಿಸಿಎನ್‌ಎ ಶುಲ್ಕ 300 ಡಾಲರ್, ಮೇಲೆ ತೆರಿಗೆ. ಮೂರು ಕಂಪನಿಗಳ ಕ್ಲೌಡ್‌ನಲ್ಲೂ ಆರಂಭಿಕ ಪರೀಕ್ಷೆ ಮುಗಿಸಿದ ಫ್ರೆಶರ್ ಮೂರು ಕಡೆ ಬಾಗಿಲು ತಟ್ಟಿದಂತೆ, ಯಾವ ಮನೆಯ ಒಳಗೂ ಹೋದಂತಲ್ಲ.

ಸರ್ಟಿಫಿಕೇಟ್ ಇದ್ದರೆ ಸಾಕು, ಈಗ ಡಿಗ್ರಿ ಯಾರಿಗೂ ಬೇಡ ಎಂಬ ಮಾತು ಅಮೆರಿಕದಿಂದ ಹಾರಿಬಂದದ್ದು. ಅಲ್ಲೇ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಬರ್ನಿಂಗ್ ಗ್ಲಾಸ್ ಇನ್‌ಸ್ಟಿಟ್ಯೂಟ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಡಿಗ್ರಿ ಷರತ್ತು ತೆಗೆದದ್ದರಿಂದ ನಿಜವಾಗಿ ಲಾಭವಾದದ್ದು 700 ನೇಮಕಾತಿಗಳಲ್ಲಿ ಒಂದಕ್ಕಿಂತ ಕಡಿಮೆ. ನಮ್ಮಲ್ಲಿ ಬಿಸಿಎ, ಬಿಎಸ್‌ಸಿ ಆದವರಿಗೆ ವಿಪ್ರೊದ ‘ವಿಲ್ಪ್’, ಪಿಯುಸಿಯಲ್ಲಿ ಗಣಿತ ಓದಿದವರಿಗೆ ಎಚ್‌ಸಿಎಲ್‌ನ ‘ಟೆಕ್‌ಬೀ’ಯಂಥ ದಾರಿಗಳಿವೆ. ಎರಡರಲ್ಲೂ ಕೆಲಸದ ಜೊತೆ ಮುಂದಿನ ಓದು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಕನ್ಸಲ್ಟೆನ್ಸಿಗಳು ಪಿಸುಗುಟ್ಟುವ ಉಪಾಯ: ಎರಡು ವರ್ಷದ ಅನುಭವ ‘ಹಾಕಿಕೊಡ್ತೀವಿ’, ಎಲ್ಲರೂ ಮಾಡ್ತಾರೆ. ಇಲ್ಲದ ಕಂಪನಿಯ ಲೆಟರ್‌ಹೆಡ್, ಪೇಸ್ಲಿಪ್, ಫೋನ್ ಮಾಡಿದರೆ ಉತ್ತರಿಸುವ ನಕಲಿ ಎಚ್‌ಆರ್, ಎಲ್ಲವೂ ಪ್ಯಾಕೇಜಿನಲ್ಲೇ ಬರುತ್ತವೆ. ಆದರೆ 2014ರಲ್ಲಿ ಪಿಎಫ್‌ಗೆ ಯುಎಎನ್ ಬಂದ ಮೇಲೆ ಯಾರು ಯಾವ ಕಂಪನಿಯಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರು ಎಂಬುದು ಒಂದೇ ಸಂಖ್ಯೆಯಡಿ ಕಾಣುತ್ತದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವವರು ಸಂಬಳದಿಂದ ಯಾರು ತೆರಿಗೆ ಕಡಿತ ಮಾಡಿದರು ಎಂಬುದನ್ನು ತೋರಿಸುವ 26ಎಎಸ್ ಕೂಡ ಕೇಳುತ್ತಾರೆ. ಕೆಲಸಕ್ಕೆ ಸೇರಿ ತಿಂಗಳುಗಳಾದ ಮೇಲೆ ಸುಳ್ಳು ಬಯಲಾದರೂ ಕೆಲಸ ಹೋಗುತ್ತದೆ. ಕಟ್ಟಿದ ದುಡ್ಡು ಕನ್ಸಲ್ಟೆನ್ಸಿಯಿಂದ ವಾಪಸ್ ಬರುವುದಿಲ್ಲ.

ಸುಳ್ಳು ಅನುಭವಕ್ಕೆ ಕೈಹಾಕುವವರು ಅನುಭವವೆಂದರೆ ಸಂಬಳ ಎಂದುಕೊಂಡಿರುತ್ತಾರೆ. ಇಂಟರ್‌ವ್ಯೂನಲ್ಲಿ ಅವರ ಬಾಯಿ ಕಟ್ಟುವುದು ‘ಏನು ಕೆಟ್ಟಿತ್ತು, ಹೇಗೆ ಸರಿಮಾಡಿದೆ’ ಎಂಬ ಪ್ರಶ್ನೆಗೆ. ಅದಕ್ಕೆ ಉತ್ತರ ಕಂಪನಿಯ ಹೊರಗೂ ಸಿಗುತ್ತದೆ. ಊರಿನ ಸಹಕಾರ ಸಂಘದ ಲೆಕ್ಕಪತ್ರಕ್ಕೆ ದಿನಾ ರಾತ್ರಿ ತಾನಾಗಿ ಬ್ಯಾಕಪ್ ಆಗುವಂತೆ ಮಾಡಿದ್ದು, ಫೈರ್‌ಫಾಕ್ಸ್‌ನ ಕನ್ನಡ ಆವೃತ್ತಿಯಂಥ ಮುಕ್ತ ತಂತ್ರಾಂಶಕ್ಕೆ ಕೈಜೋಡಿಸಿದ್ದು, ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದಾದ ಕೆಲಸ ಇಟ್ಟದ್ದು. 2005ರಿಂದ ವಿದ್ಯಾರ್ಥಿಗಳಿಗಷ್ಟೇ ಇದ್ದ ಗೂಗಲ್ ಸಮ್ಮರ್ ಆಫ್ ಕೋಡ್ ಕೂಡ 2022ರಿಂದ ಮುಕ್ತ ತಂತ್ರಾಂಶಕ್ಕೆ ಹೊಸಬರಾದ, 18 ತುಂಬಿದವರಿಗೆ ತೆರೆದಿದೆ.

ಮೊದಲ ಕೆಲಸ ‘ಕ್ಲೌಡ್ ಆರ್ಕಿಟೆಕ್ಟ್’ ಆಗಿರುವುದಿಲ್ಲ. ಸರ್ವಿಸ್ ಡೆಸ್ಕ್, ಮೊದಲ ಹಂತದ (ಎಲ್1) ಸಪೋರ್ಟ್, ನೆಟ್‌ವರ್ಕ್ ಮಾನಿಟರಿಂಗ್, ಬಹಳ ಸಲ ನೈಟ್ ಶಿಫ್ಟ್. ಟಿಕೆಟ್ ಮೇಲೆ ಟಿಕೆಟ್. ಇದನ್ನು ಕೀಳೆಂದು ಬಿಟ್ಟು ಇನ್ನೊಂದು ಸರ್ಟಿಫಿಕೇಟಿಗೆ ಹಣ ಕಟ್ಟುವುದು ದುಬಾರಿ ಹಟ. ಸರ್ಟಿಫಿಕೇಟ್ ಹೆಚ್ಚು ಫಲ ಕೊಡುವುದು ಈ ಕೆಲಸದಲ್ಲಿದ್ದು ಎಲ್2ಗೆ ಏರಲು ನೋಡುವವರಿಗೆ.

ಆದ್ದರಿಂದ ಶುಲ್ಕ ಕಟ್ಟುವ ಮುಂಚೆ ಒಂದು ಕೆಲಸ ಮಾಡಿ ನೋಡಿ. ರೆಡ್ ಹ್ಯಾಟ್ ತನ್ನ ಲಿನಕ್ಸನ್ನು ವೈಯಕ್ತಿಕ ಡೆವಲಪರ್ ಖಾತೆಯಲ್ಲಿ 16 ಮಷಿನ್‌ಗಳವರೆಗೆ ಉಚಿತವಾಗಿ ಕೊಡುತ್ತದೆ, ನೆಟ್‌ವರ್ಕ್ ಕಟ್ಟಿ ನೋಡಲು ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಚಿತ, ಒಂದೇ ಕಂಪ್ಯೂಟರಿನೊಳಗೆ ಬೇರೆ ಮಷಿನ್‌ಗಳನ್ನು ನಡೆಸುವ ವರ್ಚುವಲ್‌ಬಾಕ್ಸ್‌ಗೂ ಕಾಸಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ಇವನ್ನು ಹಾಕಿ ಒಂದೆರಡು ತಿಂಗಳು ಕೆಡಿಸಿ, ಸರಿಮಾಡಿ, ಮಾಡಿದ್ದನ್ನು ಬರೆದಿಡಿ. ಆಮೇಲೂ ಆಸಕ್ತಿ ಉಳಿದಿದ್ದರೆ ಒಂದೇ ಒಂದು ಪರೀಕ್ಷೆಗೆ ಹೆಸರು ಕೊಡಿ.