ಮೂಕವಾದ ಕಂಪ್ಯೂಟರು

ಹೆಮ್ಮರಗಾಲದ ನನ್ನ ಸಹಪಾಠಿಯೊಬ್ಬನಿಗೆ ಕಣ್ಣು ಕಾಣದು. ಪರದೆಯ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವೇ ಅವನಿಗೆ ಕಣ್ಣು. 2006ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದ ಇದು ಕನ್ನಡವನ್ನೂ ಓದುತ್ತದೆ. ಪರೀಕ್ಷೆಗೆ ಎರಡೇ ದಿನವಿರುವಾಗ ಅವನ ಹೆಡ್‌ಫೋನು ಮೂಕವಾಯಿತು. ಸುದ್ದಿ ತಿಳಿದು ನಂಜನಗೂಡಿನಿಂದ ಹೋದೆನು.

ಮೊದಲು ಹೆಡ್‌ಫೋನನ್ನು ಮೊಬೈಲಿಗೆ ಸಿಕ್ಕಿಸಿದೆವು. ಎರಡು ಕಿವಿಗೂ ಕೇಳಿಸಿತು. ಆದುದರಿಂದ ದೋಷ ಅದರದಲ್ಲ. ಪಿನ್ನಿನ ತುದಿ ಎಡಗಿವಿಗೆ, ಅದರ ಹಿಂದಿನ ಬಳೆ ಬಲಗಿವಿಗೆ ಧ್ವನಿಯನ್ನು ಒಯ್ಯುತ್ತದೆ; ಪಿನ್ನು ಪೂರ್ತಿ ಕೂರದಿದ್ದರೂ ಒಂದೇ ಕಿವಿಗೆ ಕೇಳಿಸಬಹುದು.

ಎರಡನೆಯದು ರಂಧ್ರ. ಸಾಮಾನ್ಯವಾಗಿ ಹಸಿರು ಕೇಳುವುದಕ್ಕೆ, ಗುಲಾಬಿ ಮೈಕಿಗೆ. ಪೆಟ್ಟಿಗೆಯ ಮುಂದಿನ ರಂಧ್ರದ ತಂತಿ ಒಳಗೆ ಸಡಿಲವಾಗಿರಬಹುದೆಂದು ಹಿಂದಿನ ಹಸಿರು ರಂಧ್ರಕ್ಕೆ ಸಿಕ್ಕಿಸಿದೆವು. ಆದರೂ ಮೌನ!

ಕೊನೆಗೆ ಪರದೆಯ ಮೂಲೆಯ ಸ್ಪೀಕರಿನ ಚಿಹ್ನೆಯನ್ನು ಒತ್ತಿ ನೋಡಿದೆನು. ಗುಟ್ಟು ಅಲ್ಲಿತ್ತು. ಹಿಂದಿನ ದಿನ ಅವನ ತಮ್ಮ ಎಚ್‌ಡಿಎಂಐ ಕೇಬಲಿನಿಂದ ಬೇರೊಂದು ಮಾನಿಟರನ್ನು ಜೋಡಿಸಿದ್ದನು. ಆ ಕೇಬಲು ಚಿತ್ರದೊಡನೆ ಧ್ವನಿಯನ್ನೂ ಒಯ್ಯುತ್ತದೆ. ಧ್ವನಿಯೆಲ್ಲ ಮಾನಿಟರಿಗೆ ಹೋಗುತ್ತಿತ್ತು. ಅದಕ್ಕೋ ಸ್ಪೀಕರೇ ಇಲ್ಲ! ಪಟ್ಟಿಯಲ್ಲಿ ಹೆಡ್‌ಫೋನನ್ನು ಆರಿಸಿದೊಡನೆ ಕಂಪ್ಯೂಟರು ಬಾಯಿಬಿಟ್ಟಿತು.

ಹೊಸ ಹೆಡ್‌ಫೋನಿಗೆಂದು ಅವನ ತಾಯಿ ತೆಗೆದಿರಿಸಿದ್ದ ಹಣ ಡಬ್ಬಿಗೆ ಹಿಂದಿರುಗಿತು. ಅಂದು ರಾತ್ರಿ ಅವನು ಇತಿಹಾಸದ ಎರಡು ಅಧ್ಯಾಯಗಳನ್ನು ಮುಗಿಸಿದನು.